ಐರೋಪ್ಯ ಒಕ್ಕೂಟದಲ್ಲಿ ಆಡಳಿತ ಸಹಕಾರ ಮತ್ತು ನಾಗರಿಕ ಸೇವೆ

ಐರೋಪ್ಯ ಒಕ್ಕೂಟದ 27 ಸದಸ್ಯ ರಾಷ್ಟ್ರಗಳ ಸರ್ಕಾರಿ ಕಚೇರಿಗಳೂ ಒಕ್ಕೂಟದ ಸ್ವಂತ ಸಂಸ್ಥೆಗಳೂ ಮಾಹಿತಿಯನ್ನೂ ಹೊಣೆಯನ್ನೂ ಹಂಚಿಕೊಂಡು, ಒಂದು ದೇಶದ ಪ್ರಜೆಗೆ ಇನ್ನೊಂದು ದೇಶದಲ್ಲಿ ಸಲ್ಲಬೇಕಾದ ಪಿಂಚಣಿ, ಚಿಕಿತ್ಸೆ, ಉದ್ಯೋಗ, ರಕ್ಷಣೆ ಮೊದಲಾದವು ತಪ್ಪದಂತೆ ನೋಡಿಕೊಳ್ಳುವ ಏರ್ಪಾಡಿಗೆ ಆಡಳಿತ ಸಹಕಾರ ಎಂದು ಹೆಸರು. ಸುಮಾರು 45 ಕೋಟಿ ಜನರಿರುವ, 24 ಅಧಿಕೃತ ಭಾಷೆಗಳಲ್ಲಿ ವ್ಯವಹರಿಸುವ ಈ ಒಕ್ಕೂಟದಲ್ಲಿ ಅನೇಕ ವಿಷಯಗಳಿಗೆ ಕಾನೂನು ಒಂದೇ ಆದರೂ ಅದನ್ನು ಜಾರಿಗೆ ತರುವ ಕಚೇರಿಗಳು ಬಹುಮಟ್ಟಿಗೆ ಆಯಾ ರಾಷ್ಟ್ರಗಳವೇ. ಜನಸಾಮಾನ್ಯರಿಗೆ ವೃದ್ಧಾಪ್ಯದ ಪಿಂಚಣಿ ಎಣಿಸಿಕೊಡುವ, ಹೆರಿಗೆ ಭತ್ಯೆ ಮಂಜೂರು ಮಾಡುವ ಒಕ್ಕೂಟದ ಕಚೇರಿ ಯಾವ ಊರಿನಲ್ಲೂ ಇಲ್ಲ. ಹೀಗಾಗಿ ಒಕ್ಕೂಟದ ಪೌರತ್ವವೆಂಬ ದೊಡ್ಡ ಮಾತಿಗೆ ದಿನಬಳಕೆಯಲ್ಲಿ ಅರ್ಥ ಬರುವುದು, ಒಂದು ದೇಶದ ಗುಮಾಸ್ತರು ಬರೆದ ಪತ್ರವನ್ನು ಇನ್ನೊಂದು ದೇಶದ ಗುಮಾಸ್ತರು ನಂಬಿ, ಸಕಾಲದಲ್ಲಿ ಉತ್ತರ ಕೊಟ್ಟಾಗ ಮಾತ್ರ.

ಹಿನ್ನೆಲೆ

ಈ ಏರ್ಪಾಡಿನ ಮೂಲವಿರುವುದು ಎರಡನೆಯ ಮಹಾಯುದ್ಧದ ನಂತರದ ಕಾರ್ಮಿಕರ ವಲಸೆಯಲ್ಲಿ. ಬೆಲ್ಜಿಯಂನ ಕಲ್ಲಿದ್ದಲ ಗಣಿಗಳಿಗೆ ಆಳುಗಳು ಸಾಲದಿದ್ದಾಗ, 1946ರಲ್ಲಿ ಇಟಲಿಯೊಡನೆ ಒಂದು ಒಪ್ಪಂದವಾಗಿ, ಕಾರ್ಮಿಕರು ಉತ್ತರಕ್ಕೆ ಹೋಗುವುದೂ ಅದಕ್ಕೆ ಪ್ರತಿಯಾಗಿ ಕಲ್ಲಿದ್ದಲು ಇಟಲಿಗೆ ಬರುವುದೂ ನಿಶ್ಚಯವಾಯಿತು. 1956ರ ಆಗಸ್ಟ್ 8ರಂದು ಬೆಲ್ಜಿಯಂನ ಮಾರ್ಸಿನೆಲ್‌ನ ಗಣಿಯಲ್ಲಿ ಬೆಂಕಿ ಬಿದ್ದು ಸತ್ತ 262 ಮಂದಿಯಲ್ಲಿ 136 ಮಂದಿ ಇಟಲಿಯವರಾಗಿದ್ದರು. ದುಡಿಮೆ ಒಂದು ದೇಶದಲ್ಲಿ, ತವರು ಇನ್ನೊಂದು ದೇಶದಲ್ಲಿ ಇರುವವರ ಬಾಳಿಗೆ ಭದ್ರತೆ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ಆ ಕಾಲದ ಯೂರೋಪಿನಲ್ಲಿ ಸಾವಿರಾರು ಮನೆಗಳ ಪ್ರಶ್ನೆಯಾಗಿತ್ತು.

ಬೆಲ್ಜಿಯಂ, ಫ್ರಾನ್ಸ್, ಇಟಲಿ, ಲಕ್ಸೆಂಬರ್ಗ್, ನೆದರ್ಲೆಂಡ್ಸ್ ಮತ್ತು ಪಶ್ಚಿಮ ಜರ್ಮನಿಗಳು 1957ರ ಮಾರ್ಚ್ 25ರಂದು ಸಹಿ ಮಾಡಿದ ರೋಮ್ ಒಪ್ಪಂದವು ಕಾರ್ಮಿಕರು ಸದಸ್ಯ ರಾಷ್ಟ್ರಗಳೊಳಗೆ ತಡೆಯಿಲ್ಲದೆ ಹೋಗಿ ದುಡಿಯುವ ಹಕ್ಕಿಗೆ ಅಡಿಪಾಯ ಹಾಕಿತು. ಅದರ ಅಡಿಯಲ್ಲಿ 1958ರಲ್ಲಿ ಹೊರಟ ಮೊತ್ತಮೊದಲ ನಿಯಮಾವಳಿ ಭಾಷೆಗಳನ್ನು ಕುರಿತದ್ದು. ಮೂರನೆಯದೂ ನಾಲ್ಕನೆಯದೂ ವಲಸೆ ಕಾರ್ಮಿಕರ ಸಾಮಾಜಿಕ ಭದ್ರತೆಯನ್ನು ಕುರಿತವು. ಜನರ ಭಾಷೆ ಮತ್ತು ದುಡಿಯುವವರ ಮುಪ್ಪು, ಇವೆರಡೂ ಹೊಸ ಸಮುದಾಯದ ಗಮನಕ್ಕೆ ಇಷ್ಟು ಬೇಗ ಬಂದದ್ದು ಅದರ ಸ್ವರೂಪವನ್ನು ತಿಳಿಸುತ್ತದೆ. ಈ ನಿಯಮಗಳನ್ನು 1971ರಲ್ಲಿ ವಿಸ್ತರಿಸಲಾಯಿತು. ಈಗ ಜಾರಿಯಲ್ಲಿರುವುದು 2004ರಲ್ಲಿ ಅಂಗೀಕಾರವಾಗಿ 2010ರ ಮೇ 1ರಿಂದ ಅನ್ವಯವಾದ ನಿಯಮಾವಳಿ. 1992ರಲ್ಲಿ ಸಹಿಯಾಗಿ 1993ರ ನವೆಂಬರ್ 1ರಂದು ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದವು ಒಕ್ಕೂಟದ ಪೌರತ್ವವೆಂಬ ಪರಿಕಲ್ಪನೆಯನ್ನು ತಂದಿತು. ಅಲ್ಲಿಯವರೆಗೆ ಮುಖ್ಯವಾಗಿ ಕಾರ್ಮಿಕರದಾಗಿದ್ದ ಹಕ್ಕುಗಳು ವಿದ್ಯಾರ್ಥಿ, ನಿವೃತ್ತರು, ಕುಟುಂಬಸ್ಥರು ಎಲ್ಲರಿಗೂ ಹಬ್ಬುವ ದಾರಿ ಇದರಿಂದ ಸ್ಥಿರವಾಯಿತು.

ಕಾನೂನಿನ ಆಧಾರ

ಒಕ್ಕೂಟದ ಕಾನೂನು ಎರಡು ಮುಖ್ಯ ರೂಪಗಳಲ್ಲಿ ಬರುತ್ತದೆ. ಯಾವ ಸಂಸತ್ತೂ ಮತ್ತೆ ಕಾಯ್ದೆ ಮಾಡಬೇಕಿಲ್ಲದೆ ಎಲ್ಲ ರಾಷ್ಟ್ರಗಳಲ್ಲಿಯೂ ನೇರವಾಗಿ ಅನ್ವಯವಾಗುವುದು ನಿಯಮಾವಳಿ. ಗುರಿಯನ್ನು ಗೊತ್ತುಮಾಡಿ, ಅದನ್ನು ಮುಟ್ಟುವ ವಿಧಾನವನ್ನು ಆಯಾ ರಾಷ್ಟ್ರಕ್ಕೆ ಬಿಡುವುದು ನಿರ್ದೇಶನ. ಇವೆರಡರ ಹಿಂದೆಯೂ ನಿಷ್ಠಾಪೂರ್ವಕ ಸಹಕಾರವೆಂಬ ತತ್ವವಿದ್ದು, ಒಪ್ಪಂದದಿಂದ ಹುಟ್ಟುವ ಕೆಲಸಗಳಲ್ಲಿ ಒಕ್ಕೂಟವೂ ಸದಸ್ಯ ರಾಷ್ಟ್ರಗಳೂ ಒಂದಕ್ಕೊಂದು ನೆರವಾಗಬೇಕೆಂದು ಅದು ವಿಧಿಸುತ್ತದೆ. 2009ರ ಡಿಸೆಂಬರ್ 1ರಂದು ಜಾರಿಗೆ ಬಂದ ಲಿಸ್ಬನ್ ಒಪ್ಪಂದವು ಒಂದು ಹೆಜ್ಜೆ ಮುಂದೆ ಹೋಗಿ, ಕಾನೂನನ್ನು ರಾಷ್ಟ್ರಗಳು ಪರಿಣಾಮಕಾರಿಯಾಗಿ ಜಾರಿಗೊಳಿಸುವುದು ಎಲ್ಲರಿಗೂ ಸಂಬಂಧಪಟ್ಟ ವಿಷಯವೆಂದು ಸಾರಿತು; ಆದರೆ ಅದಕ್ಕಾಗಿ ಒಕ್ಕೂಟ ಕೊಡುವ ನೆರವನ್ನು ಯಾವ ರಾಷ್ಟ್ರವೂ ಕಡ್ಡಾಯವಾಗಿ ಪಡೆಯಬೇಕಿಲ್ಲವೆಂದೂ ಹೇಳಿತು. ಸ್ವಂತ ಆಡಳಿತದ ಮೇಲೆ ರಾಷ್ಟ್ರಗಳಿಗಿರುವ ಹಿಡಿತವನ್ನು ಉಳಿಸಿಕೊಂಡೇ ಸಹಕಾರ ಬೆಳೆಯಬೇಕೆಂಬ ಎಚ್ಚರ ಇದರಲ್ಲಿದೆ.

ಸಾಮಾಜಿಕ ಭದ್ರತೆಯ ಹೊಂದಾಣಿಕೆ

ಆಡಳಿತ ಸಹಕಾರದ ಅತ್ಯಂತ ಹಳೆಯ, ಅತ್ಯಂತ ವಿಸ್ತಾರವಾದ ಕ್ಷೇತ್ರ ಇದು. ಪಿಂಚಣಿ ಎಷ್ಟಿರಬೇಕು, ನಿವೃತ್ತಿಯ ವಯಸ್ಸು ಎಷ್ಟು, ವಂತಿಗೆ ಎಷ್ಟು ಎಂಬುದನ್ನು ಪ್ರತಿಯೊಂದು ರಾಷ್ಟ್ರವೂ ತಾನೇ ನಿರ್ಧರಿಸುತ್ತದೆ. ಒಕ್ಕೂಟದ ನಿಯಮ ಈ ವ್ಯವಸ್ಥೆಗಳನ್ನು ಒಂದಾಗಿಸದೆ ಒಂದಕ್ಕೊಂದು ಹೊಂದಿಸುತ್ತದೆ. ಇದಕ್ಕೆ ನಾಲ್ಕು ಸೂತ್ರಗಳಿವೆ. ಒಬ್ಬ ವ್ಯಕ್ತಿಗೆ ಒಂದು ಕಾಲದಲ್ಲಿ ಒಂದೇ ದೇಶದ ಕಾನೂನು ಅನ್ವಯವಾಗಬೇಕು; ಹೊರಗಿನಿಂದ ಬಂದವರಿಗೂ ಆ ದೇಶದ ಪ್ರಜೆಗಳಿಗೆ ಸಮನಾದ ಹಕ್ಕು ಇರಬೇಕು; ಬೇರೆ ದೇಶದಲ್ಲಿ ಕಳೆದ ವಿಮಾ ಅವಧಿಯನ್ನು ಲೆಕ್ಕಕ್ಕೆ ಸೇರಿಸಬೇಕು; ನಗದು ಸೌಲಭ್ಯವನ್ನು ಸಾಮಾನ್ಯವಾಗಿ ಫಲಾನುಭವಿ ನೆಲೆಸಿರುವ ದೇಶಕ್ಕೆ ಕಳಿಸಬೇಕು.

ಅವಧಿಗಳನ್ನು ಕೂಡಿಸುವ ಕ್ರಮ ಒಂದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಇಟಲಿಯಲ್ಲಿ 10 ವರ್ಷ, ಬೆಲ್ಜಿಯಂನಲ್ಲಿ 20 ವರ್ಷ, ಜರ್ಮನಿಯಲ್ಲಿ 10 ವರ್ಷ ದುಡಿದವರ ಒಟ್ಟು ಅವಧಿ 40 ವರ್ಷ. ಈ 40 ವರ್ಷವೂ ತನ್ನಲ್ಲಿಯೇ ಸಂದಿತೆಂದು ಭಾವಿಸಿದರೆ ಎಷ್ಟು ಪಿಂಚಣಿ ಬರುತ್ತಿತ್ತೆಂದು ಪ್ರತಿಯೊಂದು ದೇಶವೂ ಲೆಕ್ಕ ಹಾಕಿ, ಅದರಲ್ಲಿ ತನ್ನ ಪಾಲನ್ನು, ಎಂದರೆ ಇಟಲಿ ಕಾಲುಭಾಗವನ್ನೂ ಬೆಲ್ಜಿಯಂ ಅರ್ಧಭಾಗವನ್ನೂ ಜರ್ಮನಿ ಕಾಲುಭಾಗವನ್ನೂ ಕೊಡಬೇಕಾಗುತ್ತದೆ. ತನ್ನ ಕಾನೂನಿನ ಪ್ರಕಾರವಷ್ಟೇ ಎಣಿಸಿದಾಗ ಹೆಚ್ಚು ಬರುವಂತಿದ್ದರೆ ಆ ಹೆಚ್ಚಿನ ಮೊತ್ತ ಸಲ್ಲುತ್ತದೆ. ಮೂರು ದೇಶಗಳಿಗೆ ಮೂರು ಅರ್ಜಿ ಹಾಕುವ ಅಗತ್ಯವಿಲ್ಲ. ಅರ್ಜಿ ಒಂದು ಕಡೆ ಬಂದರೆ ಅಲ್ಲಿಯ ಸಂಸ್ಥೆಯೇ ಉಳಿದ ಸಂಸ್ಥೆಗಳೊಡನೆ ವ್ಯವಹರಿಸುತ್ತದೆ. ಯಾವುದೇ ದೇಶದಲ್ಲಿಯೂ ಹಕ್ಕು ಹುಟ್ಟುವಷ್ಟು ವರ್ಷ ತುಂಬದೆ, ದುಡಿದದ್ದೆಲ್ಲ ವ್ಯರ್ಥವಾಗುವ ಅನ್ಯಾಯವನ್ನು ಈ ಸೂತ್ರ ತಪ್ಪಿಸುತ್ತದೆ.

ಸಂಸ್ಥೆಗಳ ನಡುವಿನ ನಂಬಿಕೆಗೆ ಗುರುತಾಗಿ ಕೆಲವು ಪ್ರಮಾಣಪತ್ರಗಳು ಚಲಾವಣೆಯಲ್ಲಿವೆ. ಮಾಲೀಕರು ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಕಳಿಸಿದ ನೌಕರರ ವಂತಿಗೆ ತವರಿನಲ್ಲಿಯೇ ಸಲ್ಲುತ್ತಿದೆಯೆಂದು ಎ1 ಎಂಬ ಪತ್ರ ದೃಢಪಡಿಸುತ್ತದೆ. ಕೆಲಸ ಕಳೆದುಕೊಂಡವರು ಇನ್ನೊಂದು ದೇಶದಲ್ಲಿ ಕೆಲಸ ಹುಡುಕಲು ಹೊರಟರೆ, ಯು2 ಪತ್ರದ ಬಲದಿಂದ ತವರಿನ ನಿರುದ್ಯೋಗ ಭತ್ಯೆಯನ್ನು 3 ತಿಂಗಳು, ಒಪ್ಪಿಗೆ ದೊರೆತರೆ 6 ತಿಂಗಳವರೆಗೆ, ಅಲ್ಲಿಯೂ ಪಡೆಯಬಹುದು. ಬೇರೆ ದೇಶದಲ್ಲಿ ನೆಲೆಸಿದ ನಿವೃತ್ತರಿಗೆ ಅಲ್ಲಿ ಚಿಕಿತ್ಸೆಯ ಹಕ್ಕು ಕೊಡುವುದು ಎಸ್1. ಇಂಥ ಪತ್ರವನ್ನು ಕೊಟ್ಟ ಸಂಸ್ಥೆ ಹಿಂತೆಗೆದುಕೊಳ್ಳುವವರೆಗೆ ಉಳಿದ ದೇಶಗಳು ಅದನ್ನು ಮನ್ನಿಸಬೇಕು. ಆದರೆ ವಂಚನೆಯಿಂದ ಪಡೆದ ಪತ್ರಕ್ಕೆ ಈ ರಕ್ಷಣೆಯಿಲ್ಲವೆಂದೂ, ಸಾಕ್ಷ್ಯವನ್ನು ಮುಂದಿಟ್ಟ ಮೇಲೆಯೂ ಪತ್ರ ಕೊಟ್ಟ ಸಂಸ್ಥೆ ಸಕಾಲದಲ್ಲಿ ಮರುಪರಿಶೀಲಿಸದಿದ್ದರೆ ಇನ್ನೊಂದು ದೇಶದ ನ್ಯಾಯಾಲಯ ಅದನ್ನು ತಳ್ಳಿಹಾಕಬಹುದೆಂದೂ ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿತು.

ಹಿಂದೆ ಈ ವ್ಯವಹಾರವೆಲ್ಲ ಕಾಗದದ ನಮೂನೆಗಳಲ್ಲಿ, ಅಂಚೆಯ ಮೂಲಕ ನಡೆಯುತ್ತಿತ್ತು. 2017ರಲ್ಲಿ ಐರೋಪ್ಯ ಆಯೋಗವು, ಎಂದರೆ ಒಕ್ಕೂಟದ ಕಾರ್ಯಾಂಗವು, ಸಾಮಾಜಿಕ ಭದ್ರತಾ ಸಂಸ್ಥೆಗಳನ್ನು ಜೋಡಿಸುವ ವಿದ್ಯುನ್ಮಾನ ವಿನಿಮಯ ಜಾಲವನ್ನು ಸಿದ್ಧಪಡಿಸಿ ರಾಷ್ಟ್ರಗಳಿಗೆ ಒಪ್ಪಿಸಿತು. ಈ ಜಾಲದಲ್ಲಿ ಕಡತಗಳ ರೂಪ ಎಲ್ಲ ಭಾಷೆಗಳಲ್ಲಿಯೂ ಒಂದೇ ಆಗಿರುವುದರಿಂದ, ಲಿಸ್ಬನ್ನಿನ ಗುಮಾಸ್ತರು ಪೋರ್ಚುಗೀಸಿನಲ್ಲಿ ತುಂಬಿದ ಅಂಕಣಗಳನ್ನು ವಾರ್ಸಾದ ಗುಮಾಸ್ತರು ಪೋಲಿಷ್ ಶೀರ್ಷಿಕೆಗಳೊಂದಿಗೆ ಓದಬಹುದು.

ಆರೋಗ್ಯ ಸೇವೆ

2004ರ ಜೂನ್ 1ರಂದು ಬಳಕೆಗೆ ಬಂದ ಐರೋಪ್ಯ ಆರೋಗ್ಯ ವಿಮಾ ಕಾರ್ಡು ಜನರಿಗೆ ಬಹಳ ಪರಿಚಿತವಾದ ಸೌಲಭ್ಯ. ಉಚಿತವಾಗಿ ದೊರೆಯುವ ಈ ಕಾರ್ಡನ್ನು ತೋರಿಸಿದರೆ, ಪ್ರವಾಸದಲ್ಲಿಯೋ ವ್ಯಾಸಂಗದಲ್ಲಿಯೋ ಇರುವವರಿಗೆ ಬೇಕಾದ ಚಿಕಿತ್ಸೆ ಆ ದೇಶದ ಸಾರ್ವಜನಿಕ ವ್ಯವಸ್ಥೆಯಲ್ಲಿ ಸ್ಥಳೀಯರಿಗಿರುವ ಷರತ್ತಿನಲ್ಲಿಯೇ, ಸ್ಥಳೀಯರು ತೆರುವಷ್ಟೇ ಬೆಲೆಗೆ ದೊರೆಯುತ್ತದೆ. ಖರ್ಚನ್ನು ಆಮೇಲೆ ಎರಡೂ ದೇಶಗಳ ಸಂಸ್ಥೆಗಳು ಪರಸ್ಪರ ತೀರಿಸಿಕೊಳ್ಳುತ್ತವೆ. ಚಿಕಿತ್ಸೆಗೆಂದೇ ಗಡಿ ದಾಟುವವರ ಹಕ್ಕುಗಳನ್ನು 2011ರ ನಿರ್ದೇಶನವೊಂದು ಗೊತ್ತುಮಾಡಿದ್ದು, ಅದರಂತೆ ಪ್ರತಿಯೊಂದು ರಾಷ್ಟ್ರದಲ್ಲಿಯೂ ಮಾಹಿತಿ ಕೇಂದ್ರವಿರಬೇಕು. ಒಂದೊಂದು ದೇಶದಲ್ಲಿ ಕೆಲವೇ ರೋಗಿಗಳಿರುವ ಅಪರೂಪದ ಕಾಯಿಲೆಗಳಿಗಾಗಿ 2017ರಲ್ಲಿ ತಜ್ಞ ಆಸ್ಪತ್ರೆಗಳ 24 ಜಾಲಗಳು ಆರಂಭವಾದವು. ಇಲ್ಲಿ ಬಹುಪಾಲು ರೋಗಿಯ ವಿವರಗಳು ತಜ್ಞರನ್ನು ತಲುಪುತ್ತವೆಯೇ ಹೊರತು ರೋಗಿ ಊರು ಬಿಟ್ಟು ಅಲೆಯಬೇಕಾಗುವುದಿಲ್ಲ.

ಪಿರನೀಸ್ ಪರ್ವತಗಳಲ್ಲಿ ಫ್ರಾನ್ಸ್ ಮತ್ತು ಸ್ಪೇನ್‌ಗಳ ನಡುವೆ ಹಂಚಿಹೋಗಿರುವ ಸೆರ್ದಾನ್ಯ ಕಣಿವೆಯ ಆಸ್ಪತ್ರೆ ಸಹಕಾರದ ಆಳವನ್ನು ತೋರಿಸುವ ನಿದರ್ಶನ. ಫ್ರಾನ್ಸಿನ ಭಾಗದವರು ಆಸ್ಪತ್ರೆಗಾಗಿ ಸುಮಾರು 100 ಕಿ.ಮೀ. ದೂರದ ಪೆರ್ಪಿನ್ಯಾಂಗೆ ಮಲೆದಾರಿಯಲ್ಲಿ ಇಳಿಯಬೇಕಾಗಿತ್ತು. ಎರಡೂ ಕಡೆಯ ಆಡಳಿತಗಳು ಸೇರಿ ಸ್ಪೇನಿನ ನೆಲದಲ್ಲಿ, ಪುಚ್‌ಸೆರ್ದಾ ಪಟ್ಟಣದಲ್ಲಿ ಕಟ್ಟಿದ ಈ ಆಸ್ಪತ್ರೆ 2014ರಲ್ಲಿ ತೆರೆಯಿತು. ಕಟ್ಟಡ ಎದ್ದಮೇಲೂ ಕೆಲಸ ಮುಗಿಯಲಿಲ್ಲ. ಅಲ್ಲಿ ಹುಟ್ಟಿದ ಫ್ರೆಂಚ್ ಮಗುವಿನ ಜನನ ನೋಂದಣಿ, ತೀರಿಕೊಂಡವರ ದೇಹವನ್ನು ಗಡಿ ದಾಟಿಸಿ ಊರಿಗೆ ಒಯ್ಯುವುದು, ಆಂಬುಲೆನ್ಸಿನ ಓಡಾಟ, ಇವುಗಳಿಗೆಲ್ಲ ಎರಡು ದೇಶಗಳ ಕಚೇರಿಗಳು ಒಂದೊಂದಾಗಿ ದಾರಿ ಹುಡುಕಬೇಕಾಯಿತು.

ಉದ್ಯೋಗ ಮತ್ತು ವೃತ್ತಿ

ರಾಷ್ಟ್ರಗಳ ಉದ್ಯೋಗ ವಿನಿಮಯ ಕಚೇರಿಗಳನ್ನು ಬೆಸೆಯುವ ಯೂರೆಸ್ ಜಾಲ 1990ರ ದಶಕದಿಂದ ಖಾಲಿ ಹುದ್ದೆಗಳ ಮಾಹಿತಿಯನ್ನೂ ಸಲಹೆಯನ್ನೂ ಕೊಡುತ್ತಿದೆ. 2019ರಲ್ಲಿ ಸ್ಥಾಪನೆಯಾಗಿ ಸ್ಲೊವಾಕಿಯದ ಬ್ರಾಟಿಸ್ಲಾವಾದಲ್ಲಿ ನೆಲೆಗೊಂಡ ಐರೋಪ್ಯ ಕಾರ್ಮಿಕ ಪ್ರಾಧಿಕಾರವು ಈಗ ಈ ಜಾಲವನ್ನು ನಡೆಸುವುದಲ್ಲದೆ, ಹಲವು ದೇಶಗಳ ಕಾರ್ಮಿಕ ನಿರೀಕ್ಷಕರು ಕೂಡಿ ತಪಾಸಣೆ ನಡೆಸಲು ನೆರವಾಗುತ್ತದೆ. ಇದರ ಅಗತ್ಯ ಗಡಿನಾಡುಗಳಲ್ಲಿ ಎದ್ದು ಕಾಣುತ್ತದೆ: ಪುಟ್ಟ ಲಕ್ಸೆಂಬರ್ಗ್‌ಗೆ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ ಕೆಲಸಕ್ಕೆ ಬಂದುಹೋಗುವವರು ಎರಡು ಲಕ್ಷಕ್ಕೂ ಹೆಚ್ಚು.

ವೈದ್ಯರು, ದಂತವೈದ್ಯರು, ದಾದಿಯರು, ಸೂಲಗಿತ್ತಿಯರು, ಪಶುವೈದ್ಯರು, ಔಷಧಶಾಸ್ತ್ರಜ್ಞರು ಮತ್ತು ವಾಸ್ತುಶಿಲ್ಪಿಗಳ ಅರ್ಹತೆಗೆ, ಕನಿಷ್ಠ ಶಿಕ್ಷಣದ ಮಟ್ಟವನ್ನು ಒಕ್ಕೂಟವೇ ಗೊತ್ತುಮಾಡಿರುವುದರಿಂದ, ತಾನಾಗಿಯೇ ಮಾನ್ಯತೆ ದೊರೆಯುತ್ತದೆ. ಪದವಿ ನಿಜವೇ ಎಂಬ ಅನುಮಾನ ಬಂದಾಗ ಅಧಿಕಾರಿಗಳು ಪರಸ್ಪರ ಕೇಳಿ ತಿಳಿಯಲು 2008ರಿಂದ ಒಳಮಾರುಕಟ್ಟೆ ಮಾಹಿತಿ ವ್ಯವಸ್ಥೆಯಿದೆ. ಸಿದ್ಧ ಪ್ರಶ್ನೆಗಳು ಮೊದಲೇ ಎಲ್ಲ ಭಾಷೆಗಳಿಗೂ ಅನುವಾದಗೊಂಡಿರುವುದು ಇದರ ವಿಶೇಷ. ಒಬ್ಬ ವೈದ್ಯರಿಗೆ ಒಂದು ದೇಶದಲ್ಲಿ ವೃತ್ತಿ ನಿಷೇಧವಾದರೆ, 3 ದಿನಗಳೊಳಗೆ ಉಳಿದೆಲ್ಲ ದೇಶಗಳಿಗೂ ಎಚ್ಚರಿಕೆ ಹೋಗಬೇಕೆಂಬ ನಿಯಮವೂ ಇದೆ. ವೃತ್ತಿಗರಿಗೆ ಸಂಚಾರದ ಸ್ವಾತಂತ್ರ್ಯ, ರೋಗಿಗಳಿಗೆ ರಕ್ಷಣೆ, ಎರಡನ್ನೂ ಒಂದೇ ಜಾಲ ಹೊತ್ತಿದೆ.

ಒಕ್ಕೂಟದ ವಿಶೇಷ ಸಂಸ್ಥೆಗಳು

ನಿರ್ದಿಷ್ಟ ವಿಷಯಗಳಿಗಾಗಿ ಬೇರೆ ಬೇರೆ ದೇಶಗಳಲ್ಲಿ ನೆಲೆಗೊಳಿಸಿರುವ 30ಕ್ಕೂ ಹೆಚ್ಚು ವಿಕೇಂದ್ರಿತ ಸಂಸ್ಥೆಗಳು ಒಕ್ಕೂಟಕ್ಕಿವೆ. ಔಷಧ ಸಂಸ್ಥೆ 2019ರಲ್ಲಿ ಲಂಡನ್ನಿನಿಂದ ಆಮ್‌ಸ್ಟರ್‌ಡ್ಯಾಂಗೆ ಬಂದಿತು. ಆಹಾರ ಸುರಕ್ಷತೆಯ ಪ್ರಾಧಿಕಾರ ಇಟಲಿಯ ಪಾರ್ಮಾದಲ್ಲಿಯೂ, ರೋಗ ನಿಯಂತ್ರಣ ಕೇಂದ್ರ ಸ್ಟಾಕ್‌ಹೋಮ್‌ನಲ್ಲಿಯೂ, ವಿಮಾನಯಾನ ಸುರಕ್ಷತಾ ಸಂಸ್ಥೆ ಜರ್ಮನಿಯ ಕಲೋನ್‌ನಲ್ಲಿಯೂ, ಪೊಲೀಸರ ಸಹಕಾರಕ್ಕಾಗಿರುವ ಯೂರೋಪೋಲ್ ಹೇಗ್‌ನಲ್ಲಿಯೂ ಇವೆ. ಇವು ರಾಷ್ಟ್ರೀಯ ಕಚೇರಿಗಳನ್ನು ಬದಲಿಸದೆ ಅವುಗಳಿಂದಲೇ ಕಸುವು ಪಡೆಯುತ್ತವೆ. ಹೊಸ ಔಷಧವೊಂದರ ಗುಣದೋಷಗಳನ್ನು ಅಳೆಯುವವರು ಹೆಚ್ಚಾಗಿ ಸದಸ್ಯ ರಾಷ್ಟ್ರಗಳ ಔಷಧ ನಿಯಂತ್ರಣ ಕಚೇರಿಗಳ ವಿಜ್ಞಾನಿಗಳೇ. ಅವರ ವರದಿಗಳನ್ನು ಒಟ್ಟುಗೂಡಿಸಿ ಆಮ್‌ಸ್ಟರ್‌ಡ್ಯಾಂನ ಸಂಸ್ಥೆ ಶಿಫಾರಸು ಮಾಡಿ, ಆಯೋಗ ಅನುಮತಿ ನೀಡಿದರೆ ಆ ಔಷಧ ಇಡೀ ಒಕ್ಕೂಟದಲ್ಲಿ ಮಾರಾಟಕ್ಕೆ ಅರ್ಹವಾಗುತ್ತದೆ.

ಆಹಾರದ ಅಪಾಯಗಳನ್ನು ಕುರಿತ ಶೀಘ್ರ ಎಚ್ಚರಿಕೆಯ ಜಾಲ 1979ರಷ್ಟು ಹಳೆಯದು. 2011ರ ಮೇ ತಿಂಗಳಿನಲ್ಲಿ ಉತ್ತರ ಜರ್ಮನಿಯಲ್ಲಿ ಇ. ಕೋಲೈ ಬ್ಯಾಕ್ಟೀರಿಯದ ಒಂದು ಮಾರಕ ತಳಿ ಹರಡಿ 50ಕ್ಕೂ ಹೆಚ್ಚು ಜನ ಸತ್ತಾಗ ಈ ಜಾಲದ ಬಲವೂ ಮಿತಿಯೂ ಹೊರಬಿದ್ದವು. ಆರಂಭದಲ್ಲಿ ಸ್ಪೇನಿನ ಸೌತೆಕಾಯಿಯ ಮೇಲೆ ಬಿದ್ದ ಅನುಮಾನ ಸುಳ್ಳಾಯಿತು. ಆದರೆ ಅಷ್ಟರಲ್ಲಿ ಸ್ಪೇನಿನ ತರಕಾರಿ ಬೆಳೆಗಾರರು ಭಾರೀ ನಷ್ಟ ಅನುಭವಿಸಿದ್ದರು. ಅದೇ ವರ್ಷದ ಜೂನ್‌ನಲ್ಲಿ ಫ್ರಾನ್ಸಿನ ಬೋರ್ದೋ ಬಳಿ ಅದೇ ತಳಿ ಕಾಣಿಸಿಕೊಂಡಾಗ, ಪಾರ್ಮಾದ ಪ್ರಾಧಿಕಾರದ ನೇತೃತ್ವದಲ್ಲಿ ಜರ್ಮನಿ, ಫ್ರಾನ್ಸ್ ಎರಡೂ ದೇಶಗಳ ಖರೀದಿ ದಾಖಲೆಗಳನ್ನು ತಾಳೆ ನೋಡಲಾಗಿ, ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜಗಳ ಮೊಳಕೆಯೇ ಎರಡಕ್ಕೂ ಸಮಾನ ಮೂಲವಾಗಿರುವ ಸಂಭವ ಅತ್ಯಧಿಕವೆಂದು ತಿಳಿದುಬಂದಿತು. ಎರಡು ದೇಶಗಳ ಕಾಗದಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದ್ದರಿಂದ ಈ ಎಳೆ ಸಿಕ್ಕಿತು.

ತುರ್ತು ನೆರವು ಮತ್ತು ರಾಯಭಾರ ರಕ್ಷಣೆ

ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕಗಳಿಗೆಲ್ಲ 112 ಎಂಬ ಒಂದೇ ದೂರವಾಣಿ ಸಂಖ್ಯೆ ಇರಬೇಕೆಂದು 1991ರಲ್ಲಿ ತೀರ್ಮಾನವಾಗಿ, ಈಗ ಅದು ಒಕ್ಕೂಟದಾದ್ಯಂತ ಉಚಿತವಾಗಿ ದೊರೆಯುತ್ತದೆ. ಕಾಳ್ಗಿಚ್ಚು, ಪ್ರವಾಹ, ಭೂಕಂಪಗಳಲ್ಲಿ ಒಂದು ದೇಶದ ಶಕ್ತಿ ಸಾಲದಾದಾಗ ನೆರವು ಕೋರಲು 2001ರಿಂದ ನಾಗರಿಕ ರಕ್ಷಣಾ ವ್ಯವಸ್ಥೆಯಿದೆ. ಒಕ್ಕೂಟದ ಹೊರಗೆ, ತನ್ನ ದೇಶದ ರಾಯಭಾರ ಕಚೇರಿ ಇಲ್ಲದ ಕಡೆ ಕಷ್ಟಕ್ಕೆ ಸಿಲುಕಿದ ಪ್ರಜೆ ಯಾವುದೇ ಸದಸ್ಯ ರಾಷ್ಟ್ರದ ಕಚೇರಿಯ ಮೊರೆಹೋಗಬಹುದು. ಆ ಕಚೇರಿ ತನ್ನ ಪ್ರಜೆಗಳಿಗೆ ಕೊಡುವ ನೆರವನ್ನೇ ಅವರಿಗೂ ಕೊಡಬೇಕು. ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಹುಟ್ಟಿದ ಈ ಹಕ್ಕಿನ ವಿವರಗಳನ್ನು 2015ರ ನಿರ್ದೇಶನ ಸ್ಪಷ್ಟಪಡಿಸಿದೆ.

ದಾಖಲೆಗಳು ಮತ್ತು ಮಾಹಿತಿ

ಜನನ, ವಿವಾಹ, ಮರಣ ಮೊದಲಾದ ದಾಖಲೆಗಳನ್ನು ಇನ್ನೊಂದು ಸದಸ್ಯ ರಾಷ್ಟ್ರದಲ್ಲಿ ಸಲ್ಲಿಸುವಾಗ ಅವು ನಿಜವೆಂದು ಮತ್ತೊಂದು ಮುದ್ರೆ ಒತ್ತಿಸಬೇಕಾದ ಪದ್ಧತಿ 2019ರ ಫೆಬ್ರುವರಿ 16ರಿಂದ ನಿಂತಿದೆ. ಅನುವಾದದ ಖರ್ಚು ಉಳಿಸಲು ಬಹುಭಾಷಾ ನಮೂನೆಗಳು ಬಂದಿವೆ. 2018ರ ಇನ್ನೊಂದು ನಿಯಮಾವಳಿ, ಮುಖ್ಯವಾದ 21 ಆಡಳಿತ ವ್ಯವಹಾರಗಳನ್ನು ಬೇರೆ ದೇಶದವರೂ ಅಂತರ್ಜಾಲದಲ್ಲಿಯೇ ಪೂರೈಸುವಂತಿರಬೇಕೆಂದು ವಿಧಿಸಿತು. ಇದರ ಜೊತೆಗೆ, ಪ್ರಜೆ ಒಮ್ಮೆ ಒಂದು ಸರ್ಕಾರಕ್ಕೆ ಕೊಟ್ಟ ಮಾಹಿತಿಯನ್ನು ಇನ್ನೊಂದು ಸರ್ಕಾರ ಆ ಪ್ರಜೆಯ ಕೋರಿಕೆಯ ಮೇರೆಗೆ ನೇರವಾಗಿ ತರಿಸಿಕೊಳ್ಳಬೇಕೆಂಬ ತತ್ವವನ್ನೂ ಅದು ಸ್ಥಾಪಿಸಿತು. ಕಚೇರಿಯಿಂದ ಕಚೇರಿಗೆ ಓಡಾಡಬೇಕಾದದ್ದು ಕಾಗದ, ಜನರಲ್ಲ ಎಂಬುದು ಇದರ ಸಾರ.

ದೂರು ಮತ್ತು ಪರಿಹಾರ

ಒಂದು ದೇಶದ ಕಚೇರಿ ಒಕ್ಕೂಟದ ಕಾನೂನನ್ನು ತಪ್ಪಾಗಿ ಅನ್ವಯಿಸಿದರೆ ನ್ಯಾಯಾಲಯಕ್ಕೆ ಹೋಗದೆಯೇ ಅದನ್ನು ಸರಿಪಡಿಸಲು 2002ರಲ್ಲಿ ಸಾಲ್ವಿಟ್ ಎಂಬ ಉಚಿತ ಸೇವೆ ಆರಂಭವಾಯಿತು. ದೂರುದಾರರು ತಮ್ಮ ದೇಶದ ಕೇಂದ್ರಕ್ಕೆ ತಮ್ಮ ಭಾಷೆಯಲ್ಲಿಯೇ ದೂರು ಕೊಟ್ಟರೆ, ಅದು ಸಮಸ್ಯೆ ಹುಟ್ಟಿದ ದೇಶದ ಕೇಂದ್ರಕ್ಕೆ ವರ್ಗವಾಗಿ, ಆ ಕೇಂದ್ರ ಸಂಬಂಧಪಟ್ಟ ಕಚೇರಿಯೊಡನೆ ಮಾತನಾಡಿ 10 ವಾರಗಳೊಳಗೆ ಪರಿಹಾರ ದೊರಕಿಸಲು ಶ್ರಮಿಸುತ್ತದೆ. ಇದಕ್ಕೆ ಆಜ್ಞೆ ಮಾಡುವ ಅಧಿಕಾರವಿಲ್ಲ. ಒಬ್ಬ ಅಧಿಕಾರಿ ಇನ್ನೊಬ್ಬ ಅಧಿಕಾರಿಗೆ ಕಾನೂನನ್ನು ನೆನಪಿಸುವುದೇ ಇದರ ವಿಧಾನ. ಬೇರೆ ದೇಶದ ವ್ಯಾಪಾರಿಗಳಿಂದ ಮೋಸಹೋದ ಗ್ರಾಹಕರಿಗೆ 2005ರಿಂದ ಗ್ರಾಹಕ ಕೇಂದ್ರಗಳ ಪ್ರತ್ಯೇಕ ಜಾಲವಿದೆ.

ಒಕ್ಕೂಟದ ಸಂಸ್ಥೆಗಳ ವಿರುದ್ಧದ ದೂರುಗಳನ್ನು ಕೇಳುವವರು ಐರೋಪ್ಯ ಒಂಬುಡ್ಸ್‌ಮನ್. ಆಡಳಿತದ ಲೋಪಗಳನ್ನು ಜನರ ಪರವಾಗಿ ವಿಚಾರಿಸುವ ಸ್ವತಂತ್ರ ಅಧಿಕಾರಿ ಎಂಬ ಈ ಕಲ್ಪನೆ 1809ರಲ್ಲಿ ಸ್ವೀಡನ್ನಿನಲ್ಲಿ ಮೂಡಿದ್ದು. ಭಾರತದ ಲೋಕಪಾಲ, ಲೋಕಾಯುಕ್ತ ಸಂಸ್ಥೆಗಳ ಚಿಂತನೆಗೂ ಇದೇ ಪ್ರೇರಣೆ. 1995ರಲ್ಲಿ ಫಿನ್ಲೆಂಡಿನ ಯಾಕೊಬ್ ಸೋಡರ್ಮನ್ ಮೊದಲ ಐರೋಪ್ಯ ಒಂಬುಡ್ಸ್‌ಮನ್ ಆದರು. ಇವರ ಅಧಿಕಾರ ರಾಷ್ಟ್ರೀಯ ಕಚೇರಿಗಳನ್ನು ಮುಟ್ಟುವುದಿಲ್ಲವಾದ್ದರಿಂದ, ದೂರು ಸರಿಯಾದ ಬಾಗಿಲಿಗೆ ತಲುಪುವಂತೆ ಮಾಡಲು ರಾಷ್ಟ್ರೀಯ ಒಂಬುಡ್ಸ್‌ಮನ್‌ಗಳೊಡನೆ 1996ರಲ್ಲಿ ಜಾಲವೊಂದು ಏರ್ಪಟ್ಟಿತು. ಒಕ್ಕೂಟದ ಸಂಸ್ಥೆಗಳಿಗೆ ಯಾವುದೇ ಅಧಿಕೃತ ಭಾಷೆಯಲ್ಲಿ ಬರೆದು ಅದೇ ಭಾಷೆಯಲ್ಲಿ ಉತ್ತರ ಪಡೆಯುವುದು ಪ್ರತಿಯೊಬ್ಬ ಪ್ರಜೆಯ ಹಕ್ಕು. ಆರು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯ ಮಾಲ್ಟಾದ ಭಾಷೆಗೂ ಜರ್ಮನ್ ಭಾಷೆಗೂ ಇದರಲ್ಲಿ ಅಂತರವಿಲ್ಲ.

ಭಾರತೀಯರಿಗಿರುವ ಸಂಬಂಧ

2010ರ ನಿಯಮಾವಳಿಯೊಂದು ಸಾಮಾಜಿಕ ಭದ್ರತೆಯ ಹೊಂದಾಣಿಕೆಯನ್ನು, ಕಾನೂನುಬದ್ಧವಾಗಿ ನೆಲೆಸಿ ಒಂದು ಸದಸ್ಯ ರಾಷ್ಟ್ರದಿಂದ ಇನ್ನೊಂದಕ್ಕೆ ಹೋದ ಹೊರಗಿನ ಪ್ರಜೆಗಳಿಗೂ ಡೆನ್ಮಾರ್ಕ್ ಹೊರತು ವಿಸ್ತರಿಸಿತು. ಜರ್ಮನಿಯಲ್ಲಿ ಕೆಲವು ವರ್ಷ, ನೆದರ್ಲೆಂಡ್ಸ್‌ನಲ್ಲಿ ಕೆಲವು ವರ್ಷ ದುಡಿದ ಕನ್ನಡಿಗರ ಅವಧಿಗಳೂ ಆದ್ದರಿಂದ ಕೂಡುತ್ತವೆ. ಭಾರತದಲ್ಲಿ ಸಂದ ಅವಧಿಯ ವಿಷಯ ಬೇರೆ. ಅದಕ್ಕೆ ಬೆಲ್ಜಿಯಂ, ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್ ಮೊದಲಾದ ದೇಶಗಳೊಡನೆ ಭಾರತ ಪ್ರತ್ಯೇಕವಾಗಿ ಮಾಡಿಕೊಂಡ ಒಪ್ಪಂದಗಳು ಆಧಾರ. ಬೆಂಗಳೂರಿನ ತಂತ್ರಾಂಶ ಕಂಪನಿಯಿಂದ ತಾತ್ಕಾಲಿಕವಾಗಿ ಈ ದೇಶಗಳಿಗೆ ಹೋಗುವ ನೌಕರರು, ನೌಕರರ ಭವಿಷ್ಯ ನಿಧಿ ಸಂಸ್ಥೆ ಕೊಡುವ ಪ್ರಮಾಣಪತ್ರವನ್ನು ಒಯ್ದರೆ ಅಲ್ಲಿ ಮತ್ತೆ ವಂತಿಗೆ ಕಟ್ಟಬೇಕಾಗುವುದಿಲ್ಲ.

ಮಿತಿಗಳು ಮತ್ತು ಮೌಲ್ಯಮಾಪನ

ಈ ಏರ್ಪಾಡು ಎಲ್ಲೆಡೆಯೂ ಒಂದೇ ಹದದಲ್ಲಿ ನಡೆಯುತ್ತಿಲ್ಲ. ಎಲ್ಲ ರಾಷ್ಟ್ರಗಳ ಕಚೇರಿಗಳಿಗೂ ಸಮನಾದ ಸಿಬ್ಬಂದಿ, ಗಣಕ ಸೌಲಭ್ಯಗಳಿಲ್ಲ. ಒಂದು ಕಡೆ ಉತ್ತರ ತಡವಾದರೆ ಇನ್ನೊಂದು ಕಡೆ ಒಂದು ಕುಟುಂಬದ ಭತ್ಯೆ ನಿಲ್ಲುತ್ತದೆ. ಸಾಮಾಜಿಕ ಭದ್ರತೆಯ ನಿಯಮಗಳಿಗೆ 2016ರ ಡಿಸೆಂಬರಿನಲ್ಲಿ ಆಯೋಗ ಸೂಚಿಸಿದ ತಿದ್ದುಪಡಿ ವರ್ಷಗಟ್ಟಲೆ ಒಮ್ಮತ ಕಾಣದೆ ಉಳಿಯಿತು. ಯಾವ ದೇಶ ನಿರುದ್ಯೋಗ ಭತ್ಯೆಯ ಹೊರೆ ಹೊರಬೇಕೆಂಬುದು ಹಣದ ಪ್ರಶ್ನೆಯಾದ್ದರಿಂದ ರಾಜಕೀಯ ಪ್ರಶ್ನೆಯೂ ಹೌದು. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡಿದಾಗ ಅನೇಕ ರಾಷ್ಟ್ರಗಳು ಪರಸ್ಪರ ವಿಚಾರಿಸದೆ ಗಡಿ ಮುಚ್ಚಿದವು. ಸರಕಿನ ಲಾರಿಗಳು ಸಾಲುಗಟ್ಟಿ ನಿಂತವು. ಅದೇ ರಾಷ್ಟ್ರಗಳು 2021ರ ಜುಲೈ 1ರ ವೇಳೆಗೆ ಎಲ್ಲೆಡೆಯೂ ಸಲ್ಲುವ ಕೋವಿಡ್ ಪ್ರಮಾಣಪತ್ರವನ್ನು ಜಾರಿಗೆ ತಂದದ್ದು, ಬಹುಕಾಲದಿಂದ ಬೆಳೆದ ಸಹಕಾರದ ಅಭ್ಯಾಸ ಎಂಥ ಆಸ್ತಿಯೆಂಬುದನ್ನು ತೋರಿಸಿತು.

ಐರೋಪ್ಯ ಒಕ್ಕೂಟವನ್ನು ಕುರಿತ ಚರ್ಚೆಗಳಲ್ಲಿ ಶೃಂಗಸಭೆಗಳಿಗೂ ಒಪ್ಪಂದಗಳಿಗೂ ಸಿಗುವ ಪ್ರಾಶಸ್ತ್ಯ ಈ ಕಚೇರಿಗಳ ಪತ್ರವ್ಯವಹಾರಕ್ಕೆ ಸಿಗುವುದಿಲ್ಲ. ಆದರೆ ಗಣಿಯಲ್ಲಿಯೋ ಕಾರ್ಖಾನೆಯಲ್ಲಿಯೋ ಮೂರು ದೇಶಗಳಲ್ಲಿ ಬೆವರು ಸುರಿಸಿದವರಿಗೆ ಒಕ್ಕೂಟವೆಂದರೆ ತಿಂಗಳ ಮೊದಲಲ್ಲಿ ಮೂರು ಕಡೆಯಿಂದ ತಪ್ಪದೆ ಬಂದು ಸೇರುವ ಪಿಂಚಣಿ. 1958ರಲ್ಲಿ ಆರು ರಾಷ್ಟ್ರಗಳು ಕೊಟ್ಟ ಆ ಮಾತನ್ನು 27 ರಾಷ್ಟ್ರಗಳ ಕಚೇರಿಗಳು ಇಂದಿಗೂ ಕಡತದಿಂದ ಕಡತಕ್ಕೆ ನಡೆಸಿಕೊಂಡು ಬರುತ್ತಿವೆ.